ಅಸ್ತರು

ಮೂವತ್ತೆರಡು ಇಂಚು ಸೊಂಟ.
ಮದುವೆಯ ಪ್ಯಾಂಟು ಇವತ್ತಿಗೂ ಸಲೀಸಾಗಿ ಏರುತ್ತದೆ,
ಗುಂಡಿ ತಾನಾಗಿ ಕಾಜಕ್ಕೆ ಬೀಳುತ್ತದೆ.
ಕಬ್ಬನ್‌ಪೇಟೆಯ ನಮ್ಮ ಕ್ರಾಸಿನಲ್ಲಿ
ಕಡ್ಡಿ ತುಕೋಜಿ ಅಂದರೇನೇ ನಾನು ಗೊತ್ತಾಗುವುದು.

ಇಪ್ಪತ್ತೊಂಬತ್ತು ವರ್ಷದಿಂದ ಟೇಪು ಕೊರಳಲ್ಲಿ.
ಕಣ್ಣಳತೆಯಲ್ಲೇ ಹೇಳಬಲ್ಲೆ,
ಯಾರ ಹೊಟ್ಟೆ ಮುಂದಿನ ದೀಪಾವಳಿಗೆ ಎಷ್ಟು ಬೆಳೆದೀತು,
ಈಗಲೇ ಎಷ್ಟು ಬಟ್ಟೆ ಒಳಗೆ ಮಡಚಿಟ್ಟಿರಬೇಕು ಅಂತ.

ಅಂಥವನು
ಆಸ್ಪತ್ರೆಯ ಮೆಷಿನ್ನಿನಡಿ ಅಂಗಾತ ಮಲಗಿ ಎದ್ದಾಗ
ಡಾಕ್ಟರ್ ನೀಲೋಫರ್ ಕಾಗದ ತಿರುಗಿಸಿ ತೋರಿಸಿದರು:
ನೂರರಲ್ಲಿ ಮೂವತ್ತೊಂದು ಪಾಲು ಕೊಬ್ಬು.
"ಬೇರೆ ಯಾರದೋ ಇರಬೇಕಮ್ಮ" ಅಂದೆ.
ಆಕೆ ನಗಲಿಲ್ಲ.
"ಹೊರಗೆ ಕಾಣಲ್ಲ. ಒಳಗಿದೆ, ಕರುಳಿನ ಸುತ್ತ."

ಅಸ್ತರು, ಅಂದುಕೊಂಡೆ.
ಕೋಟಿನೊಳಗೆ ನಾವೇ ಹೊಲಿದು ಮುಚ್ಚುವುದು.
ನೋಡಿದವರು ಹೊಗಳುವುದು ಮೇಲಿನ ಬಟ್ಟೆಯನ್ನು.
ನನಗೆ ಇದನ್ನು ಹೊಲಿದವರು ಯಾರು?
ಈ ಸ್ಟೂಲು. ಹೊತ್ತುಹೊತ್ತಿಗೆ ಬೈಟೂ ಕಾಫಿ.
ಊಟ ಬಿಟ್ಟು ನಿಂತಲ್ಲೇ ನುಂಗಿದ ಬೆಣ್ಣೆ ಬನ್ನು, ಪಪ್ಸು.
ಹಬ್ಬದ ಆರ್ಡರಿನ ರಾತ್ರಿಗಳಲ್ಲಿ ಪೆಡಲಿನ ಮೇಲೆ
ಪಾದ ಮಾತ್ರ ಮೈಲಿಗಟ್ಟಲೆ ನಡೆಯುತ್ತಿತ್ತು;
ಮೋಟಾರು ಬಂದ ಮೇಲೆ ಅದೂ ನಿಂತಿತು.

ಹನ್ನೆರಡು ವಾರದ ಅಧ್ಯಯನ, ಅದರಲ್ಲಿ ನಾನೊಬ್ಬ.
ವಾರಕ್ಕೆ ನಾಲ್ಕು ದಿನ ಬಿರುಸು ನಡಿಗೆ,
ಎರಡು ದಿನ ಭಾರ ಎತ್ತುವುದು.
ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ
ನೀಲಿ ಮುಚ್ಚಳದ ಡಬ್ಬಿಯಲ್ಲಿ (ಹೇಗೆ ಹೇಳಲಿ)
ಬೆಳಗಿನ ಮೊದಲ ಕೆಲಸವನ್ನು ತಂದೊಪ್ಪಿಸುವುದು.

ಐಸಿನ ಚೀಲ ತೊಡೆಯ ಮೇಲಿಟ್ಟುಕೊಂಡು
ಹಡ್ಸನ್ ಸರ್ಕಲ್ಲಿನಲ್ಲಿ ಬಸ್ಸು ಹತ್ತಿದೆ.
ಪಕ್ಕದವನು ಕೇಳಿದ, "ಮೀನಾ ಸಾರ್?"
"ಇಲ್ಲಪ್ಪ, ನಮ್ಮ ಮನೆಯವರು."
ಎದ್ದು ಹೋಗಿ ಬಾಗಿಲ ಬಳಿ ನಿಂತುಬಿಟ್ಟ.

ಸುಳ್ಳೇನಲ್ಲ. ಡಾಕ್ಟರಮ್ಮ ಹೇಳಿದ್ದರು,
ಕರುಳಿನಲ್ಲಿ ಕೋಟಿ ಕೋಟಿ ಜೀವ,
ನಾವುಂಡ ಅನ್ನದ ಮೇಲೇ ಅವುಗಳ ಸಂಸಾರ.
ಕೆಲವು ಗೋಡೆ ಕಾಯುತ್ತವೆ, ಕೆಲವು ಗೋಡೆ ಕೆರೆಯುತ್ತವೆ.
"ನೀವು ನಡೆದರೆ ಅಲ್ಲಿ ಯಾರು ಉಳೀತಾರೆ, ಯಾರು ಬರ್ತಾರೆ,
ನೋಡೋಣ. ಈಗಲೇ ಹೇಳೋಕಾಗಲ್ಲ."
ಹೇಳೋಕಾಗಲ್ಲ ಅಂದದ್ದಕ್ಕೇ ನಂಬಿಕೆ ಬಂತು.

ಬೆಳಗಿನ ಐದೂವರೆ, ಕಂಠೀರವ ಸ್ಟೇಡಿಯಮ್ಮಿನ ಹೊರಸುತ್ತು.
ಇದು ಸಂಪಂಗಿ ಕೆರೆ ಕಣೋ, ಎನ್ನುತ್ತಿದ್ದಳು ಅಜ್ಜಿ.
ಜೋರು ಮಳೆಯಾದ ಮಾರನೆ ದಿನ
ನೀರು ಹಳೇ ವಿಳಾಸ ಹುಡುಕಿಕೊಂಡು ಬಂದು
ಮೆಟ್ಟಿಲ ಬುಡದಲ್ಲಿ ಕೂತಿರುತ್ತದೆ.
ದಾಟಿಕೊಂಡು ನಡೆಯುತ್ತೇನೆ.

ಮೊದಲ ವಾರ ಮಂಡಿ. ಮೂರನೆಯ ವಾರ ಹಸಿವು,
ಗಡಿಯಾರದ್ದಲ್ಲ, ನಿಜದ್ದು.
ಹತ್ತು ವರ್ಷದ ಹುಳಿತೇಗು
ಯಾವ ದಿನ ಬಿಟ್ಟುಹೋಯಿತೋ ಗಮನಿಸಲಿಲ್ಲ,
ಬಾಡಿಗೆ ಬಾಕಿಯಿಟ್ಟು ರಾತ್ರೋರಾತ್ರಿ
ಖಾಲಿ ಮಾಡಿದವರ ಹಾಗೆ.
ಯಮುನಾಬಾಯಿಯೇ ಹೇಳಿದ್ದು:
"ಈಗ ನಿಮ್ಮ ಹೊಟ್ಟೆ ರಾತ್ರಿಯಲ್ಲಿ
ನೀರು ಬರದ ನಲ್ಲಿ ಥರ ಗೊರಗೊರ ಅನ್ನಲ್ಲ."
ನಡೆದದ್ದಕ್ಕೋ, ಬನ್ನು ಬಿಟ್ಟದ್ದಕ್ಕೋ,
ನನಗೇನು ಗೊತ್ತು.

ಸೊಂಟ ಈಗಲೂ ಮೂವತ್ತೆರಡೇ.
ಗುಂಡಿ ಅಂಗಡಿಯ ಹೀರಾಚಂದ್ ಕೇಳುತ್ತಾನೆ,
"ಇಷ್ಟು ನಡೆದು ಒಂದಿಂಚೂ ಇಳಿದಿಲ್ವಲ್ಲ ಮಾಸ್ಟರ್?"
ಟೇಪು ಸುತ್ತಿ ಜೇಬಿಗಿಡುತ್ತೇನೆ.

ಇವತ್ತು ಯಾರೋ ಅವರಪ್ಪನ ಕೋಟು ತಂದಿದ್ದಾರೆ.
ಅಸ್ತರು ಬಿಚ್ಚಬೇಕು.
ಹೊಲಿದಷ್ಟು ಸುಲಭವಲ್ಲ ಬಿಚ್ಚುವುದು:
ಬ್ಲೇಡಿನ ತುದಿಯಲ್ಲಿ ಒಂದೊಂದೇ ಹೊಲಿಗೆ ಎತ್ತಿ,
ಮೇಲಿನ ಬಟ್ಟೆಗೆ ಗೊತ್ತಾಗದ ಹಾಗೆ.

ನಾಳೆ ಎರಡನೇ ಡಬ್ಬಿ.
ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಏನೆನ್ನಲಿ,
ಅದನ್ನೇ ಯೋಚಿಸುತ್ತಿದ್ದೇನೆ.